ಟವರ್ ಮಾವನ ‘ಅಡ್ಡಿಲ್ಲೆ’

ಕಿರವತ್ತಿ ದಾಟಿದ ಮೇಲೆ ಹೆದ್ದಾರಿಯ ಮೋರಿಯೊಂದರ ರಿಪೇರಿ ನಡೆದಿತ್ತು. ರಸ್ತೆಯ ಒಂದು ಬದಿ ಮಾತ್ರ ತೆರೆದಿತ್ತು. ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಗಾಜು ಏರಿಸಿಕೊಂಡರೂ ಬಿಸಿ ಡಾಂಬರಿನ ವಾಸನೆ ಕಾರಿನೊಳಗೆ ಬರುತ್ತಿತ್ತು. ಬಾವುಟ ಹಿಡಿದವನು ವಾಕಿಟಾಕಿಯನ್ನು ಬಾಯಿಯ ಹತ್ತಿರ ತಂದು, “ಆ ಕಡೆ ನಿಂದರ್ಸಲೇ, ಈ ಕಡೆ ಬಿಡ್ತೀನಿ” ಎಂದ. ತಿರುವಿನಾಚೆಯಿಂದ ಕರಕರ ಸದ್ದಿನ ನಡುವೆ ಒಂದೇ ಮಾತು ಬಂತು.

“ಅಡ್ಡಿಲ್ಲ.”

ಅವನು ಕೆಂಪು ಬಾವುಟ ಇಳಿಸಿ ಹಸಿರು ಎತ್ತಿದ. ನಾನು ಗಾಡಿ ಚಾಲೂ ಮಾಡಲಿಲ್ಲ. ಡಾಂಬರು, ಮಂಜು, ಆ ಮಾತು... ಪಕ್ಕದ ಮನೆಯ ಮಾವ ನೆನಪಾಗಿದ್ದರು.

ಶಿರಸಿಯ ನಮ್ಮ ಕೇರಿಗೆ ಅವರು ಬಂದದ್ದು ನಿವೃತ್ತಿಯ ನಂತರ. ನಾನಾಗ ಪತ್ರಿಕೆಯ ಕೆಲಸಕ್ಕೆ ಹೊಸಬಳು. ವಿಮಾನ ನಿಲ್ದಾಣದ ಟವರಿನಲ್ಲಿ ಕೂತು, ಯಾವ ವಿಮಾನ ಯಾವಾಗ ಇಳಿಯಬೇಕು, ಯಾವಾಗ ಏರಬೇಕು ಎಂದು ಪೈಲಟ್‌ಗಳಿಗೆ ಹೇಳುವ ಉದ್ಯೋಗ ಅವರದ್ದಾಗಿತ್ತು. ಕೇರಿಯವರ ಬಾಯಲ್ಲಿ ಟವರ್ ಮಾವ ಆದರು. ಅರ್ಧ ಜನ ಅದನ್ನು ಮೊಬೈಲ್ ಟವರ್ ಎಂದೇ ತಿಳಿದಿದ್ದರು.

“ಮಾವಾ, ನಿನ್ನೆಯಿಂದ ನೆಟ್‌ವರ್ಕೇ ಇಲ್ಲೆ. ನಿಂಗಳವ್ಕೆ ಒಂದ್ ಮಾತು ಹೇಳಿ,” ಎಂದು ಕಿರಾಣಿ ಅಂಗಡಿಯವರು ಗೇಟಿನ ಹೊರಗಿಂದ ಕೂಗುತ್ತಿದ್ದರು.

“ಎನ್ನ ಟವರಿಗೆ ವಿಮಾನ ಮಾತ್ರ ಸಿಗ್ತಿತ್ತು ಮಾರಾಯಾ,” ಎನ್ನುತ್ತಿದ್ದರು ಮಾವ.

ತಾವು ಹೇಳಿದ್ದನ್ನು ಎದುರಿನವರಿಂದ ತಿರುಗಿ ಹೇಳಿಸುವುದು ಅವರ ಅಭ್ಯಾಸ. ಹಾಲಿನವನಿಗೆ, “ನಾಳೆ ಬೇಡ, ನಾಡಿದ್ದು ಬೇಕು. ಆನು ಎಂತ ಹೇಳ್ದೆ? ಹೇಳು ನೋಡನ,” ಎನ್ನುವರು. ಅವನು ಆಕಾಶ ನೋಡುತ್ತ ಶಾಲೆಯ ಮಗ್ಗಿಯಂತೆ ಒಪ್ಪಿಸುವನು. ಒಳಗಿನಿಂದ ಅತ್ತೆ, “ಮದುವೇಲಿ ಭಟ್ರ ಹತ್ರನೂ ಮಂತ್ರ ತಿರುಗಿ ಹೇಳ್ಸಿದ್ದ ಇವು!” ಎಂದು ನಗುವರು.

ಸಂಜೆ ಕೆಲಸ ಮುಗಿಸಿ ಬರುವಾಗ ಮಾವ ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಬಹಳ ಎತ್ತರದಲ್ಲಿ ಸದ್ದೇ ಇಲ್ಲದೆ ಒಂದು ವಿಮಾನ ಗೆರೆ ಎಳೆಯುತ್ತ ಹೋಗುವುದಿತ್ತು. ಗೆರೆ ಅಗಲವಾಗಿ, ಹತ್ತಿಯಾಗಿ, ಇಲ್ಲವಾಗುವವರೆಗೆ ನೋಡುತ್ತಿದ್ದರು. “ಈಗ ಅವಂಗೆ ಯಾರೋ ಎಂತೋ ಹೇಳ್ತಾ ಇದ್ದ. ಅವ ಅದನ್ನೇ ತಿರುಗಿ ಹೇಳ್ತಾ ಇದ್ದ...” ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುವರು. ನಾನೂ ಮೆಟ್ಟಿಲ ಮೇಲೆ ಕೂತು ಮೇಲೆ ನೋಡುತ್ತಿದ್ದೆ. ನನಗೆ ಏನೂ ಕೇಳಿಸುತ್ತಿರಲಿಲ್ಲ.

ಒಂದು ಮಾತು ಮಾತ್ರ ಆ ಮನೆಯಲ್ಲಿ ಆಡುವಂತಿರಲಿಲ್ಲ. ನಮ್ಮ ಕಡೆ ಯಾವುದಕ್ಕೆ ಒಪ್ಪಬೇಕಾದರೂ ‘ಅಡ್ಡಿಲ್ಲೆ’ ಅನ್ನುತ್ತೇವೆ. ಚಹ ಕುಡಿತೆಯಾ ಅಂದರೆ ಅಡ್ಡಿಲ್ಲೆ, ನಾಳೆ ಬಾ ಅಂದರೆ ಅಡ್ಡಿಲ್ಲೆ. ನಾನು ಹಾಗೆಂದಾಗಲೆಲ್ಲ ಮಾವ ಬೆರಳೆತ್ತುವರು. “ಕೂಸೆ, ಆತು ಹೇಳು. ಇಲ್ದಿದ್ರೆ ಆಗ್ತಿಲ್ಲೆ ಹೇಳು. ಅಡ್ಡಿಲ್ಲೆ ಬೇಡ.”

ಕಾರಣ ತಿಳಿದದ್ದು ಒಂದು ಸುದ್ದಿಯಿಂದ. ದೂರದ ಯಾವುದೋ ನಿಲ್ದಾಣದಲ್ಲಿ ಒಂದು ವಿಮಾನ ಇಳಿಯುವ ಹೊತ್ತಿಗೆ ಇನ್ನೊಂದು ಅದೇ ರನ್‌ವೇಗೆ ಬಂದುಬಿಟ್ಟಿತ್ತು. ‘ಪೈಲಟ್ ಅಜಾಗರೂಕತೆ’ ಎಂದು ನಮ್ಮ ಪತ್ರಿಕೆ ತಲೆಬರಹ ಕೊಟ್ಟಿತ್ತು. ಮಾವ ಪತ್ರಿಕೆ ಮಡಚಿ ತೊಡೆಯ ಮೇಲಿಟ್ಟುಕೊಂಡರು.

“ಅವಂಗೆ ಎಂತ ಕೇಳಿತ್ತು ಹೇಳಿ ನಿಂಗಳ ಪೇಪರಿಗೆ ಗೊತ್ತಿದ್ದ?”

“ಗೊತ್ತಿಲ್ಲೆ ಮಾವ.”

“ಎಂಗೂ ಗೊತ್ತಿತ್ತಿಲ್ಲೆ, ಒಂದ್ಸಲ.”

ಅವರು ಆಗ ಬಯಲುಸೀಮೆಯ ಒಂದು ಸಣ್ಣ ನಿಲ್ದಾಣದಲ್ಲಿದ್ದರು. ರನ್‌ವೇ ಮೇಲೆ ನಾಯಿ, ಹಕ್ಕಿ, ಕಲ್ಲು ಇವೆಯೇ ಎಂದು ನೋಡಿಬರುವ ಜೀಪಿನ ಡ್ರೈವರ್ ನಮ್ಮ ಕಡೆಯ ಹೇರೂರಿನವನು, ಗುತ್ತಿಗೆಯ ನೌಕರ. ಊರು ಬಿಟ್ಟು ಅಷ್ಟು ದೂರದಲ್ಲಿ ರೇಡಿಯೊದೊಳಗಿಂದ ಮನೆಮಾತು ಕೇಳುವುದೇ ಒಂದು ಸುಖವಾಗಿತ್ತಂತೆ. ನಿಯಮ ಇಂಗ್ಲಿಷಿನದಾದರೂ ಇಬ್ಬರೂ ತಮ್ಮ ಭಾಷೆಯಲ್ಲೇ ಮಾತಾಡಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ದಟ್ಟ ಮಂಜು. ಜೀಪು ರನ್‌ವೇ ಮೇಲಿತ್ತು, ವಿಮಾನ ಹತ್ತಿರ ಬಂದಿತ್ತು. “ರನ್‌ವೇ ಬಿಟ್ಟು ಹೊರಗೆ ಬಾ,” ಎಂದರು ಮಾವ. ಉತ್ತರವಿಲ್ಲ. “ರನ್‌ವೇಲಿ ಎಂತಾರೂ ಇದ್ದ?” ಎಂದು ಮತ್ತೆ ಕೇಳಿದರು. ಈ ಎರಡನೆಯ ಪ್ರಶ್ನೆ ಕರಕರ ಸದ್ದಿನಲ್ಲಿ ಮುಳುಗಿಹೋಯಿತು. ಡ್ರೈವರ್ ಮೊದಲನೆಯದಕ್ಕೆ ಉತ್ತರಿಸಿದ: “ಅಡ್ಡಿಲ್ಲೆ.” ಆಯ್ತು, ಬರುತ್ತೇನೆ ಎಂದು ಅವನ ಅರ್ಥ. ಜೀಪು ಆಗಲೇ ಹೊರಬಂದಿದೆ, ರನ್‌ವೇಯಲ್ಲಿ ಯಾವ ಅಡ್ಡಿಯೂ ಇಲ್ಲ ಎಂದು ಮಾವ ತಿಳಿದರು. ವಿಮಾನಕ್ಕೆ ಇಳಿಯಲು ಹೇಳಿದರು.

ಮಂಜಿನಿಂದ ಹೊರಬಿದ್ದ ಪೈಲಟ್‌ಗೆ ಮೊದಲು ಕಂಡದ್ದು ಜೀಪಿನ ಹಳದಿ ದೀಪ. ಇಳಿಯುತ್ತಿದ್ದ ವಿಮಾನವನ್ನು ಹಾಗೇ ಮೇಲೆತ್ತಿಕೊಂಡು ಹೋದ. ಜೀಪು ಹುಲ್ಲಿಗೆ ನುಗ್ಗಿ ನಿಂತಿತ್ತು. ಯಾರಿಗೂ ಗಾಯವಾಗಲಿಲ್ಲ.

ವಿಚಾರಣೆಗೆ ಬಂದ ಅಧಿಕಾರಿಗಳು ಧ್ವನಿಮುದ್ರಿಕೆ ಹಾಕಿದರು. ಅವರಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಅಡ್ಡಿಲ್ಲೆ ಎಂದರೇನು ಎಂದು ಮಾವನನ್ನೇ ಕೇಳಿದರು. ಅಡ್ಡಿ ಇಲ್ಲ ಎಂದರೆ ಸುಳ್ಳಲ್ಲ, ಪದದ ಅರ್ಥವೇ ಅದು. ಆದರೆ ಹಾಗೆಂದ ದಿನವೇ ಹೊರಗೆ ಬೆಂಚಿನ ಮೇಲೆ ಕೂತಿದ್ದ ಡ್ರೈವರನ ಕೆಲಸ ಹೋಗುತ್ತಿತ್ತು. ಆಯ್ತು ಎಂದರೆ, ತಿರುಗಿ ಕೇಳದೆ ವಿಮಾನ ಇಳಿಸಿದ ತಪ್ಪು ಪೂರ್ತಿ ಮಾವನದು.

“ಅವ ‘ಆತು’ ಹೇಳಿ ಹೇಳಿದ್ದು ಅಂದೆ,” ಎಂದರು ಮಾವ.

ಮತ್ತೆಂದೂ ಅವರನ್ನು ಟವರಿಗೆ ಹತ್ತಿಸಲಿಲ್ಲ. ನಿವೃತ್ತಿಯವರೆಗೆ ಕೆಳಗಿನ ಕಚೇರಿಯಲ್ಲಿ ಫೈಲು ನೋಡಿದರು. ಆ ಕೋಣೆಗೆ ಕಿಟಕಿ ಇತ್ತು, ಆದರೆ ಅದು ಸೈಕಲ್ ಸ್ಟ್ಯಾಂಡಿನ ಕಡೆಗಿತ್ತಂತೆ.

“ಬೇಜಾರಾಗ್ತಿಲ್ಯ ಮಾವ?”

“ಆಗ್ತು.” ತೊಡೆಯ ಮೇಲಿನ ಪತ್ರಿಕೆಯನ್ನು ಪಕ್ಕಕ್ಕಿಟ್ಟು, “ಆದರೆ ಅವ ಹೇಳಿದ್ದು ಅದೇ ಅಲ್ದಾ, ಕೂಸೆ...” ಎಂದರು.

ಇದನ್ನು ನಾನು ಸುದ್ದಿ ಮಾಡಲಿಲ್ಲ. ಅವರೂ ಮತ್ತೆ ಆ ಮಾತು ಎತ್ತಲಿಲ್ಲ. ಅವರು ತೀರಿಕೊಂಡಾಗ ಹೇರೂರಿನಿಂದ ಒಬ್ಬರು ಬಂದಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. “ಆನು ಜೀಪಿನವ,” ಎಂದರು. ವಿಚಾರಣೆಯ ದಿನ ಒಳಗೆ ನಡೆದದ್ದು ಆಗ ಗೊತ್ತಾಗಿತ್ತೇ ಎಂದು ಕೇಳಿದೆ. “ಬೆಂಚಿನವರೆಗೂ ಕೇಳ್ತಿತ್ತು,” ಎಂದು ಕೈಯಲ್ಲಿದ್ದ ಟವೆಲನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದವು. “ಹೋಗ್ರಿ ಮೇಡಂ, ಹಸಿರು ತೋರ್ಸೀನಲ್ರೀ,” ಎಂದ ಬಾವುಟದವನು.

“ಯಾವುದಕ್ಕೆ ಅಡ್ಡಿಲ್ಲ ಅಂದದ್ದು ಅವನು? ಇನ್ನೊಮ್ಮೆ ಕೇಳಿ.”

“ಕೇಳೂದೇನೈತ್ರಿ ಅದರಾಗ?” ನಗುತ್ತಲೇ ಗುಂಡಿ ಒತ್ತಿದ. “ಏ, ಗಾಡಿ ಬಿಡ್ಲೇನೋ?”

“ತಡಿಯಲೇ! ಅಡ್ಡಿಲ್ಲ ಅಂದ್ರ ನಿಂದರಸ್ತೀನಿ ಅಂತ. ಒಂದ್ ಲಾರಿ ಮೊದಲೇ ನಿನ್ನ ಕಡೆ ಹೊಂಟೈತಿ.”

ಮಂಜಿನೊಳಗೆ ಮೊದಲು ಎರಡು ಹಳದಿ ದೀಪ ಕಂಡವು. ಆಮೇಲೆ ಲಾರಿ ಬಂತು, ಭರ್ತಿ ಮರಳು ಹೇರಿಕೊಂಡು, ತೆರೆದಿದ್ದ ಆ ಒಂದೇ ಬದಿಯಲ್ಲಿ. ಬಾವುಟದವನು ಹಸಿರು ಇಳಿಸಿ, ಅದು ದಾಟುವವರೆಗೆ ಕೆಂಪು ಹಿಡಿದು ನಿಂತ.

“ನಿಮಗ ಹೆಂಗ ಗೊತ್ತಾತ್ರಿ?” ಎಂದ.

ಪಕ್ಕದ ಮನೆಯವರು ಕಲಿಸಿದ್ದು ಎಂದೆ. ಸಂಜೆ ಹೋಗಿ ಮಾವನಿಗೆ ಹೇಳಬೇಕು ಎಂದು ಒಂದು ಕ್ಷಣ ಅನ್ನಿಸಿಯೂ ಬಿಟ್ಟಿತು. ಆ ಮನೆಯಲ್ಲಿ ಈಗ ಬೇರೆ ಸಂಸಾರವಿದೆ. ಜಗಲಿಯಲ್ಲಿ ಕುರ್ಚಿ ಇಲ್ಲ, ಬೈಕು ನಿಲ್ಲಿಸುತ್ತಾರೆ...

ಅವನು ಮತ್ತೆ ಗುಂಡಿ ಒತ್ತಿ, ಕೇಳಿ, ತಿರುಗಿ ಹೇಳಿಸಿಕೊಂಡು, ಹಸಿರು ಎತ್ತಿದ.

“ರಸ್ತೆ ಖಾಲಿ ಐತ್ರಿ. ಹೋಗ್ರಿ.”

“ರಸ್ತೆ ಖಾಲಿ ಇದೆ. ಹೋಗುತ್ತೇನೆ,” ಎಂದು ನಾನೂ ತಿರುಗಿ ಹೇಳಿದೆ.