ಟಣ್ಣಮ್ಮನ ಕಿವಿ

ಹಳೆಯ ಬ್ರಿಟಿಷ್ ಬೆಳ್ಳಿ ನಾಣ್ಯ ಕೈಗೆ ಸಿಕ್ಕವರು ಮೊದಲು ಹುಡುಕಿಕೊಂಡು ಹೋಗುತ್ತಿದ್ದುದು ಟಣ್ಣಮ್ಮನನ್ನು. ಗಡಿಯಾರ ರಿಪೇರಿ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದರೆ ಒಂದೇ ಕೋಣೆ, ಒಂದೇ ಕಿಟಕಿ, ಕಿಟಕಿಯ ಕೆಳಗೆ ಅವಳ ಮೇಜು. ಹಳೆ ನಾಣ್ಯದ ವ್ಯಾಪಾರ ಮೈದುನನದು, ಪರೀಕ್ಷೆ ಅವಳದು. ನಾಣ್ಯವನ್ನು ಬೆರಳ ತುದಿಯ ಮೇಲೆ ಕೂರಿಸಿ, ಅಂಚಿಗೆ ಪೆನ್ಸಿಲಿನಿಂದ ಮೆಲ್ಲನೆ ತಟ್ಟಿ ಕಣ್ಣು ಮುಚ್ಚುತ್ತಿದ್ದಳು. ಒಳ್ಳೆಯ ಬೆಳ್ಳಿ ‘ಟಣ್’ ಎಂದು ಎದ್ದು ಎಳೆಎಳೆಯಾಗಿ ಉಳಿಯುತ್ತದೆ. ಎರಕ ಹೊಯ್ದ ನಕಲಿ ‘ಟೊಕ್’ ಎಂದು ಅಲ್ಲೇ ಸಾಯುತ್ತದೆ. ಗಂಡ ತೀರಿಕೊಂಡ ಮೇಲೆ ಮಾವನೇ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ ವಿದ್ಯೆ ಅದು. ಮೂವತ್ತು ವರ್ಷ ಅವಳು ಆ ಮನೆಯಲ್ಲಿ ತಲೆಯೆತ್ತಿ ಓಡಾಡಿದ್ದು ಆ ಕಿವಿಯ ಬಲದಿಂದ.

ಆ ಗುರುವಾರ ಬೆಳಿಗ್ಗೆ ಮೈದುನ ಮೆಟ್ಟಿಲು ಹತ್ತುತ್ತಲೇ ಕೂಗಿಕೊಂಡ.

“ಅತ್ತಿಗೆ! ಕೆಟಲ್ ಆಗಲಿಂದ ಅರಚಿಕೊಳ್ತಾ ಇದೆ. ಪಕ್ಕದಲ್ಲೇ ಕೂತಿದ್ದೀರಿ, ಕಿವಿಯನ್ನೇನು ಬಾಡಿಗೆಗೆ ಕೊಟ್ಟಿದ್ದೀರಾ?”

ತಿರುಗಿ ನೋಡಿದಳು. ಕೆಟಲಿನ ಮೂತಿಯಿಂದ ಹಬೆ ನುಗ್ಗುತ್ತಿತ್ತು. ಮೈದುನನ ಮಾತು ಕೇಳಿಸಿತ್ತು, ಬೀದಿಯ ಗಾಡಿಗಳ ಗುಡುಗುಡು ಕೇಳಿಸುತ್ತಿತ್ತು. ಸೀಟಿ ಮಾತ್ರ ಇಲ್ಲ.

ಅವನು ಸ್ಟೌ ಆರಿಸುವಷ್ಟರಲ್ಲಿ ಡ್ರಾಯರಿನಿಂದ ಮಾವನ ನಾಣ್ಯ ತೆಗೆದಳು. ಅನುಮಾನ ಬಂದಾಗ ಹೋಲಿಸಿ ನೋಡಲೆಂದು ಅವರು ಕೊಟ್ಟುಹೋದ ಅಪ್ಪಟ ಬೆಳ್ಳಿ. ಅವಳಿಗೆ ಅನುಮಾನವೇ ಬಾರದೆ ಎಷ್ಟೋ ವರ್ಷದಿಂದ ಹೊರಗೆ ಬಂದಿರಲಿಲ್ಲ. ತಟ್ಟಿದಳು.

ಟೊಕ್.

“ಇದು ಹೇಗೆ ಕೇಳ್ತು ನಿನಗೆ?”

“ಹೇಗೆ ಅಂದ್ರೆ? ಟಣ್ ಅಂತು. ಇನ್ನೇನು, ಲಾಲಿ ಹಾಡುತ್ತಾ?”

ಅವನು ನಕ್ಕ. ಅವಳೂ ನಕ್ಕಳು. ಹತ್ತು ದಿನದ ಹಿಂದೆ ಜ್ವರ ಬಂದು ಕಿವಿ ಗವ್ವೆಂದದ್ದು ನೆನಪಾಯಿತು. ಅದರ ಬೆನ್ನಿಗೇ ದಾದಿ ನೆನಪಾದಳು.

ಸೋಮವಾರ ಬಂದಿದ್ದಳು, ಆಸ್ಪತ್ರೆಯಿಂದ ನಿವೃತ್ತಳಾದ ದಾದಿ. ತಾಯಿ ಕಣ್ಣು ಮುಚ್ಚುವ ಮುಂಚೆ ಕೈಯಲ್ಲಿಟ್ಟು ಹೋದ ಒಂದು ಕ್ರೌನ್ ನಾಣ್ಯ ತಂದಿದ್ದಳು. ಮುಸುಕು ಹೊದ್ದ ಮುದಿ ರಾಣಿಯ ತಲೆಯಿರುವ ದೊಡ್ಡ ಬೆಳ್ಳಿ. ಇಪ್ಪತ್ತೆಂಟು ಗ್ರಾಂ, ತೂಕ ಸರಿ. ಅಂಚಿನ ಉಬ್ಬಕ್ಷರವೂ ಸರಿ. ದನಿ ಮಾತ್ರ ಸತ್ತಿತ್ತು. ಟಣ್ಣಮ್ಮನಿಗೆ ದನಿಯೇ ಕೊನೆಯ ಮಾತು.

“ಎರಕದ್ದು ತಾಯಿ,” ಅಂದಿದ್ದಳು.

ದಾದಿ ನಾಣ್ಯವನ್ನು ತಿರುಗಿಸಿ ನೋಡಿದಳು. “ಪಾಪ, ಅಮ್ಮನಿಗೂ ಯಾರೋ ಟೋಪಿ ಹಾಕಿದ್ದಾರೆ. ಹೋಗಲಿ, ಮೊಮ್ಮಗಳು ಕೊರಳಿಗೆ ಬೇಕು ಅಂತಿದ್ಲು. ಗುರುವಾರ ಅಕ್ಕಸಾಲಿಗನ ಹತ್ರ ತೂತು ಹಾಕಿಸ್ತೀನಿ.”

ಇವತ್ತೇ ಗುರುವಾರ. ತೂತು ಬಿದ್ದ ನಾಣ್ಯ ನಾಣ್ಯವಲ್ಲ, ಬರೀ ಲೋಹ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆ ಮಗುವಿನ ಕೊರಳಲ್ಲಿ ಅದು ನಕಲಿ ಎನಿಸಿಕೊಂಡೇ ತೂಗಾಡುತ್ತದೆ. ಬಾಯಿಬಿಟ್ಟರೆ ನಾಳೆಯಿಂದ ಈ ಮೆಟ್ಟಿಲು ಹತ್ತುವವರು ಯಾರು? ಮೈದುನ ಒಳ್ಳೆಯವನೇ. ಆದರೆ ಕಿವಿಯಿಲ್ಲದ ಅತ್ತಿಗೆಗೆ ಆ ಮನೆಯಲ್ಲಿ ಏನು ಕೆಲಸ?

‘ದೇವರೇ, ಕಿವಿ ಕೇಳುವುದಿಲ್ಲ, ಕಾಲಿಗೆ ಬಲ ಕೊಡು’ ಎಂದುಕೊಂಡು, ಮಾವನ ನಾಣ್ಯವನ್ನೂ ಪೆನ್ಸಿಲನ್ನೂ ಹಿಡಿದು ಎದ್ದಳು.

“ಅತ್ತಿಗೆ, ಟೀ?”

“ಬಂದೆ.”

ಅಕ್ಕಸಾಲಿಗನ ಕೋಣೆಗೆ ಎರಡು ಬೀದಿ. ಓಣಿ ತಿರುಗುವಾಗ ಹೊಸ ಭಯವೊಂದು ಕಾಲು ಹಿಡಿಯಿತು. ಅವನ ಡ್ರಿಲ್ಲಿನ ಕೀರಲು ದನಿ ಓಣಿಯ ತುದಿಗೂ ಕೇಳುವಂಥದ್ದು. ಕೀರಲು ದನಿಗಳಷ್ಟೇ ಕೇಳಿಸದ ಈ ಕಿವಿಗೆ ಈಗ ಅದು ತಿರುಗುತ್ತಿದ್ದರೂ ತಿಳಿಯುವುದಿಲ್ಲ. ಮೌನವೆಂದರೆ ಇನ್ನೂ ಶುರುವಾಗಿಲ್ಲವೆಂದೋ, ಆಗಲೇ ಮುಗಿಯುತ್ತಿದೆಯೆಂದೋ?

ಬಾಗಿಲಲ್ಲಿ ನಿಂತಾಗ ನಾಣ್ಯ ಇಕ್ಕಳದಲ್ಲಿತ್ತು. ರಾಣಿಯ ತಲೆಯ ಮೇಲೆ ಶಾಯಿಯ ಕಪ್ಪು ಚುಕ್ಕೆ. ಡ್ರಿಲ್ಲಿನ ಮೊನೆ ಅದರಿಂದ ಒಂದು ಬೆರಳು ಮೇಲೆ ಗಿರಗಿರ ತಿರುಗುತ್ತಿತ್ತು, ಸದ್ದೇ ಇಲ್ಲದೆ.

“ನಿಲ್ಸಿ!”

ಅಕ್ಕಸಾಲಿಗ ಬೆಚ್ಚಿ ಕೈ ಎತ್ತಿದ. “ಏನಮ್ಮಾ ಇದು, ಎಲ್ಲಿ ಬೆಂಕಿ ಬಿತ್ತು? ಇನ್ನೊಂದು ಚೂರಾಗಿದ್ರೆ ನನ್ನ ಹೆಬ್ಬೆರಳಿಗೇ ತೂತು!”

ಬೆಂಚಿನ ಮೇಲಿದ್ದ ದಾದಿ ಎದ್ದು ನಿಂತಳು. ಟಣ್ಣಮ್ಮನಿಗೆ ಉಸಿರು ಹತ್ತಿತ್ತು.

“ನನ್ನ ಕಿವಿ ಹೋಗಿದೆ,” ಅಂದಳು. “ಸೋಮವಾರ ಸತ್ತಿದ್ದು ನಾಣ್ಯ ಅಲ್ಲ, ನನ್ನ ಕಿವಿ ಇರಬೇಕು.”

ಇರಬೇಕು, ಅಷ್ಟೇ. ನಾಣ್ಯವೂ ನಕಲಿಯಾಗಿದ್ದರೆ? ಮಾವನ ನಾಣ್ಯವನ್ನು ಬೆರಳ ಮೇಲೆ ಕೂರಿಸಿ ದಾದಿಯತ್ತ ತಿರುಗಿದಳು. “ನೀವೇ ಕೇಳಿ ಹೇಳ್ಬೇಕು.”

“ನನಗೇನು ಗೊತ್ತಾಗುತ್ತೆ?”

“ಜೀವಮಾನವೆಲ್ಲ ಎದೆಬಡಿತ ಕೇಳಿದ ಕಿವಿ ನಿಮ್ದು. ನಾದ ಇರೋವರೆಗೂ ಬೆರಳು ಎತ್ತಿಡಿ. ನಿಂತಾಗ ಇಳಿಸಿ.”

ತಟ್ಟಿದಳು. ದಾದಿಯ ತೋರುಬೆರಳು ಎದ್ದಿತು. ಟಣ್ಣಮ್ಮ ಮನಸ್ಸಿನಲ್ಲೇ ಎಣಿಸಿದಳು. ಐದಕ್ಕೆ ಬೆರಳು ಇಳಿಯಿತು.

ಇಕ್ಕಳ ಸಡಿಲಿಸಿ ಕ್ರೌನ್ ತೆಗೆದು ಕೂರಿಸಿಕೊಂಡಳು. ನಾಣ್ಯ ಎರಡು ಸಲ ಜಾರಿತು. ಕೊನೆಗೂ ತಟ್ಟಿದಳು. ಅವಳಿಗೆ ಮತ್ತದೇ ಟೊಕ್. ಬೆರಳು ಎದ್ದಿತು. ಒಂದು. ಎರಡು. ಮೂರಕ್ಕೆ ಬೆರಳು ಕೊಂಚ ಅಲುಗಿದಂತಾಯಿತು. ನಾಲ್ಕು. ಐದು. ಆರಕ್ಕೆ ನಿಧಾನವಾಗಿ ಇಳಿಯಿತು.

“ಇದೇ ಜಾಸ್ತಿ ಹೊತ್ತು ಇತ್ತು,” ಎಂದಳು ದಾದಿ.

ಟಣ್ಣಮ್ಮ ಬೆಂಚಿನ ಮೇಲೆ ಕೂತಳು. ಕಣ್ಣು ಮಾತ್ರ ತನ್ನ ಕೆಲಸ ಮರೆತಿರಲಿಲ್ಲ. “ಮುಸುಕಿನ ಮಡಿಕೆ ಸವೆದಿದೆ. ಹಿಂಬದಿಯ ಕುದುರೆಯ ಚಿತ್ರ ಚೆನ್ನಾಗಿದೆ. ಯಾರೂ ಉಜ್ಜಿಲ್ಲ, ಅದೇ ಪುಣ್ಯ. ಬೆಳ್ಳಿಯ ಬೆಲೆಯ ಎರಡರಷ್ಟಕ್ಕಿಂತ ಒಂದು ಕಾಸೂ ಕಮ್ಮಿ ತಗೋಬೇಡಿ, ನಮ್ಮ ಅಂಗಡೀಲೂ ಅಷ್ಟೇ.”

ದಾದಿ ಬೈಯಲಿಲ್ಲ. ಚುಕ್ಕೆಯ ಶಾಯಿ ಒರೆಸಲು ಹೋದವಳನ್ನು ಟಣ್ಣಮ್ಮನೇ ತಡೆದಳು, “ಉಜ್ಜಬೇಡಿ, ಬರೀ ನೀರಲ್ಲಿ ಅದ್ದಿ.” ನಾಣ್ಯ ಕರವಸ್ತ್ರ ಸೇರಿತು. ಆಮೇಲೆ ದಾದಿ ಹಳೆಯ ಅಭ್ಯಾಸದಂತೆ ಅವಳ ಮಣಿಕಟ್ಟು ಹಿಡಿದು ಕೇಳಿದಳು, “ಯಾವತ್ತಿಂದ ಹೀಗೆ?”

‘ಜ್ವರ ಬಂದಾಗಿನಿಂದ’ ಎನ್ನಲು ಬಾಯಿ ತೆರೆದಳು. ಆಗಲೇ ಇನ್ನೊಂದು ನೆನಪಾಯಿತು. ಜ್ವರಕ್ಕೂ ಮುಂಚೆ, ಹೋದ ತಿಂಗಳು, ದಪ್ಪ ಕನ್ನಡಕದ ಮುದುಕರೊಬ್ಬರು ಮೂರು ನಾಣ್ಯ ತಂದಿದ್ದರು. ಮೂರೂ ಟೊಕ್. ‘ನೀವು ಹೇಳಿದ ಮೇಲೆ ಮುಗೀತಮ್ಮ’ ಎಂದು ಮೂರನ್ನೂ ಮೆಟ್ಟಿಲ ಬಳಿಯ ಕಸದ ತೊಟ್ಟಿಗೆ ಹಾಕಿ ಹೋಗಿದ್ದರು. ಅವರ ಹೆಸರು ಕೇಳಿರಲಿಲ್ಲ.

“ಗೊತ್ತಿಲ್ಲ,” ಅಂದಳು.

ದಾದಿಯ ಬೆರಳ ಕೆಳಗೆ ಅವಳ ನಾಡಿ ಓಡುತ್ತಿತ್ತು.