ಹಾಳೆ ತಿರುವುವ ಕೆಲಸ

ಗೋಕಾಕದಲ್ಲಿ ಕಾಲುವೆ ಸಾಹೇಬರ ಕಚೇರಿಯಲ್ಲಿ ನಾನು ಕಾರಕೂನನಾಗಿದ್ದೆ. ಇಂಗ್ಲಿಷ್ ಓದಲು ಬರುತ್ತದೆ ಎಂಬ ಒಂದೇ ತಪ್ಪಿಗೆ ಪ್ರತಿ ಶನಿವಾರ ಬಂಗಲೆಗೆ ಹೋಗಬೇಕಾಗುತ್ತಿತ್ತು. ಸಾಹೇಬರ ಹೆಂಡತಿ, ನಮ್ಮೆಲ್ಲರ ಬಾಯಲ್ಲಿ ಮಡ್ಡಮ್ಮ, ಪಿಯಾನೊ ಬಾರಿಸುವಾಗ ಪಕ್ಕದಲ್ಲಿ ನಿಂತು ಪುಸ್ತಕದ ಹಾಳೆ ತಿರುವುವುದು ನನ್ನ ಕೆಲಸ.

ಸ್ವರದ ಗುರುತುಗಳ ಮೇಲೆ ಕೆಳಗೆ ಸಣ್ಣ ಅಕ್ಷರದ ಮಾತುಗಳಿದ್ದವು. ನನ್ನ ಡಿಕ್ಷನರಿಯಲ್ಲಿ ಒಂದೂ ಸಿಗಲಿಲ್ಲ. ಅವು ಇಟಲಿಯ ಮಾತುಗಳೆಂದು ಮಡ್ಡಮ್ಮನೇ ಹೇಳಿಕೊಟ್ಟಳು. ‘ರಿಟಾರ್ಡಾಂಡೊ’ ಎಂದರೆ ಬರಬರುತ್ತ ನಿಧಾನ. ‘ವೋಲ್ಟಿ ಸುಬಿಟೊ’ ಎಂದರೆ ತಟ್ಟನೆ ಹಾಳೆ ತಿರುವು. ಅದು ನನಗೇ ಬರೆದಂತಿತ್ತು. ‘ಡಾ ಕಾಪೊ’ ಎಂದರೆ ಮತ್ತೆ ಮೊದಲಿನಿಂದ, ‘ಫೀನೆ’, ಅಂದರೆ ಮುಗಿಯಿತು, ಎಂದಿರುವಲ್ಲಿಯವರೆಗೆ. ಎಲ್ಲವೂ ಹುಕುಮುಗಳೇ. ಆದರೂ ಕಲಿತೆನೆಂಬ ಜಂಬ ಸ್ವಲ್ಪ ಇತ್ತು.

ಒಂದು ಶನಿವಾರ ಮಧ್ಯಾಹ್ನ ನಮ್ಮೂರು ಯಮಕನಮರಡಿಯಿಂದ ಕಾಕಾ ಬಂದರು. ಅವ್ವನ ಜಡ್ಡು ಬಹಳ ಜೋರಾಗಿತ್ತು. “ನಿನ್ನ ಹೆಸರ ತಗೊಂಡ ಕುಂತಾಳ. ಐದರ ಮೋಟಾರ ತಪ್ಪಿದರ ನಾಳಿ ಮುಂಜಾನಿಗೇ” ಎಂದು ಹೇಳಿ ಬಂಗಲೆಯ ಗೇಟಿನಲ್ಲಿ ನಿಂತರು. ಒಳಗೆ ಹೋಗಿ ನಾನು ಬಾಯಿ ತೆರೆಯುವಷ್ಟರಲ್ಲಿ ಮಡ್ಡಮ್ಮ ಒಂದು ಕೈ ಎತ್ತಿದಳು. ಮೊದಲು ಇದು ಮುಗಿಯಲಿ ಎಂದು ಅರ್ಥ. ನೌಕರಿಯವನು, ಹೋಗಿ ಪುಸ್ತಕದ ಪಕ್ಕ ನಿಂತೆ.

ಗಡಿಯಾರ ನೋಡುತ್ತಿದ್ದೆ, ಪುಸ್ತಕ ನೋಡುತ್ತಿದ್ದೆ. ಆ ಮಾತುಗಳ ಅರ್ಥ ತಿಳಿಯದಿದ್ದರೆ ಇನ್ನೇನು ಮುಗಿದೀತೆಂಬ ಆಸೆಯಾದರೂ ಇರುತ್ತಿತ್ತು. ಕೊನೆಯ ಹಾಳೆಯ ಅಡಿಯಲ್ಲಿ ‘ಡಾ ಕಾಪೊ’ ಕೂತಿದೆಯೆಂದು ನನಗೆ ಗೊತ್ತಿತ್ತು. ಅಲ್ಲಿಯತನಕ ಹೋಗಿ ಮತ್ತೆ ಮೊದಲ ಹಾಳೆಗೆ ಬರಬೇಕು. ಮೈಯೆಲ್ಲ ಉರಿಯಿತು. ಬೇಕೆಂದೇ ಎರಡು ಹಾಳೆ ಕೂಡಿಸಿ ತಿರುವಿದೆ. ತಪ್ಪಲಿ, ನಿಲ್ಲಿಸಲಿ, ಬೈದು ಹೊರಗೆ ಹಾಕಲಿ.

ಆಕೆ ನಿಲ್ಲಿಸಲಿಲ್ಲ. ನಾನು ಹಾರಿಸಿದ ಹಾಳೆಯ ಸ್ವರಗಳು, ಕೇಳಿ ಕೇಳಿ ನನ್ನ ಕಿವಿಗೂ ಗೊತ್ತಿದ್ದವು, ಒಂದೂ ಬಿಡದೆ ಬಂದವು. ಬಗ್ಗಿ ನೋಡಿದೆ. ಆಕೆ ಕಣ್ಣು ಮುಚ್ಚಿದ್ದಳು. ಪುಸ್ತಕ ಪೂರ್ತಿ ಬಾಯಿಪಾಠ. ಇಷ್ಟು ತಿಂಗಳು ನಾನಲ್ಲಿ ನಿಂತದ್ದು ಯಾತಕ್ಕೆಂದು ಇವತ್ತಿಗೂ ತಿಳಿದಿಲ್ಲ. ಮೊದಲಿನಿಂದ ಮತ್ತೆ ಶುರುವಾದಾಗ ಗಡಿಯಾರ ಐದು ಹೊಡೆಯಿತು.

ಮರುದಿನ ಮುಂಜಾನೆಯ ಮೋಟಾರಿಗೆ ಕಾಕಾರ ಜೊತೆ ಮನೆ ಮುಟ್ಟಿದಾಗ ಅವ್ವ ಇರಲಿಲ್ಲ. “ದೀಪಾ ಹಚ್ಚೂತನಕಾ ಬಾಗಲದ ಕಡೇನ ನೋಡಕೋತ ಇದ್ದಳಪಾ” ಎಂದಳು ಚಿಕ್ಕವ್ವ. ಐದರ ಮೋಟಾರು ಊರಿಗೆ ಬರುವುದು ದೀಪ ಹಚ್ಚುವ ಹೊತ್ತಿಗೇ.

ಅವ್ವನ ದಿನಕರ್ಮ ಮುಗಿಸಿ ಕೆಲಸಕ್ಕೆ ಮರಳಿದೆ. ಶನಿವಾರ ಸಿಪಾಯಿ ಬಂದು, ಮಡ್ಡಮ್ಮ ಕರೆಯುತ್ತಾರೆ ಎಂದ. ನನ್ನ ಮೇಲೆ ನನಗೇ ಹೇಸಿಗೆ ಬಂತು. ಆದರೂ ಹೋಗಿ ಅದೇ ಜಾಗದಲ್ಲಿ ನಿಂತೆ. ಆಕೆ ಕಣ್ಣು ಮುಚ್ಚಿದಳು, ನಾನು ಹಾಳೆ ತಿರುವಿದೆ.