ಅಣ್ಣನ ಎಡೆಗೆ ಬೈಟು ಕಾಫಿ

ಅಣ್ಣ ಸತ್ತ ವರ್ಸ ಪಿತೃಪಕ್ಷದಲ್ಲಿ ಅವ್ನಿಗೆ ಎಡೆ ಮಡಗೋ ಕೆಲ್ಸ ನನ್ ತಲೆ ಮೇಲೆ ಬಿತ್ತು. ಎಡೆ ಅಂದ್ರೆ ಇನ್ನೇನಿಲ್ಲ. ಸತ್ತೋರು ಬದುಕಿದ್ದಾಗ ಏನೇನು ಆಸೆಪಟ್ಟು ತಿಂತಿದ್ರೋ ಅದ್ನೆಲ್ಲ ಬಾಳೆಲೆಗೆ ಬಡ್ಸಿ, ಫೋಟೋ ಮುಂದೆ ಮಡಗಿ, ಬಾಗ್ಲು ಮುಚ್ಚಿ ಎಲ್ರೂ ಆಚೆ ಬಂದ್ಬುಡೋದು. ಒಳ್ಗೆ ಅವ್ರು ಬಂದು ಉಣ್ತಾರೆ ಅಂತ. ವಸಿ ಒತ್ತಾದ್ಮೇಲೆ ಬಾಗ್ಲು ತಗ್ದು ಮನೆಯೋರು ಉಣ್ಣೋದು. ನನ್ಗೆ ಇದ್ರಲ್ಲಿ ನಂಬ್ಕೆ ಇರ್ಲಿಲ್ಲ. ನಂಬ್ಕೆ ಇಲ್ಲ ಅಂತ ಜಗ್ಳ ಆಡೋ ಮನಸ್ಸೂ ಇರ್ಲಿಲ್ಲ.

ಅಣ್ಣ ತಾಂಡ್ಯದ ಫ್ಯಾಕ್ಟ್ರೀಲಿ ಕೆಲ್ಸ ಮಾಡ್ತಿದ್ದ. ಶಿಫ್ಟ್ ಮುಗ್ಸಿ ಬೈಕಲ್ಲಿ ಬತ್ತಾ ಇದ್ದಾಗ ಲಾರಿ ಬಂತು. ಅಷ್ಟೇ. ಅದ್ರ ಬಗ್ಗೆ ಜಾಸ್ತಿ ಬರ್ಯಲ್ಲ.

ಅವತ್ತಿಂದ ಅವ್ವ ಒಟ್ಟೆ ತುಂಬಾ ಉಂಡಿದ್ದೇ ಇಲ್ಲ. ಗಂಜಿ ಕುಡಿಯೋಳು, ಅದೂ ನಾನು ಬಯ್ದ್ರೆ. ಮೈ ಇಳ್ದು ಬಳೆ ಮೊಣಕೈಗಂಟ ಜಾರ್ತಿತ್ತು. ಡಾಕ್ಟ್ರು ಗ್ಲೂಕೋಸ್ ಆಕ್ಸಿ ಕಳ್ಸಿದ್ರು. "ಇಂಗೇ ಮಾಡುದ್ರೆ ನೀವೂ ಮಲಿಕ್ಕೋತೀರ" ಅಂದ್ರು. ಅವ್ವ ಕೇಳ್ಬೇಕಲ್ಲ. "ಅವ್ನು ಅಸ್ಕೊಂಡು ಬತ್ತಾ ಇದ್ನಲ್ಲ ಕಣ್ಲಾ. ಎಡೆ ದಿನ ಅವ್ನು ಉಣ್ಲಿ, ಆಮೇಲೆ ನಾನು ಉಣ್ತೀನಿ" ಅಂತ ಒಂದೇ ಅಟ. ಅದ್ಕೆ ಎಡೆ ಸರ್ಯಾಗಿ ಆಗ್ಲೇಬೇಕಿತ್ತು. ಸತ್ತೋನಿಗಲ್ಲ, ಇವ್ಳಿಗೆ.

"ಏನೇನು ಮಾಡ್ತೀಯವ್ವ?" ಅಂತ ಕೇಳ್ದೆ.

"ನಾನ್ ಮಾಡಿದ್ದು ಯಾವತ್ ರುಚಿ ಆಗಿತ್ತು ಅವ್ನಿಗೆ? ಅನ್ನ ಒಂದು ಮಾಡ್ತೀನಿ. ಮಿಕ್ಕಿದ್ನ ನಿಮ್ ಅಂಗ್ಡಿಗೊಳಿಂದ್ಲೇ ತತ್ತಾ ಓಗು" ಅಂದ್ಳು.

ನಿಜ. ನಾವಿಬ್ರೂ ಬೆಳ್ದಿದ್ದೇ ಅಂಗ್ಡಿ ಮುಂದೆ. ನಂಜನಗೂಡಲ್ಲಿ ನಮ್ ಬೀದಿಯಿಂದ ಬಸ್‌ಸ್ಟ್ಯಾಂಡ್‌ಗಂಟ ಯಾವ ಅಂಗ್ಡೀಲಿ ಏನು ಚೆನ್ನಾಗಿರ್ತದೆ, ಎಷ್ಟೊತ್ತಿಗೆ ಬಿಸಿ ಇರ್ತದೆ, ಎಲ್ಲಾ ಗೊತ್ತು. ಅಣ್ಣ ಸಂಬ್ಳ ತಗೊಳ್ಳೋಕೆ ಶುರು ಮಾಡಿದ್ಮೇಲೂ ಮೈಸೂರಿಗೆ ಓಗಿ ದೊಡ್ಡ ಓಟ್ಲಲ್ಲಿ ತಿನ್ನಾನ ಅಂದೋನಲ್ಲ. "ಅಲ್ಲಿ ಎಸಿ ಕೊಡ್ತಾರೆ, ಚಟ್ನಿ ಕೊಡಲ್ಲ" ಅನ್ನೋನು.

ನಾನು ಟಿ. ನರಸೀಪುರದಲ್ಲಿ ಪಂಚರ್ ಅಂಗ್ಡೀಲಿ ಕೆಲ್ಸ ಮಾಡದು. ಅಣ್ಣ ವಾರದ ರಜ ಇದ್ದಾಗ ಅಲ್ಲಿಗೇ ಬರೋನು, ನನ್ ನೋಡೋಕಲ್ಲ, ಒಳೆ ಕಡೆ ಒಬ್ಳು ಅಕ್ಕ ಮೀನು ಉರ್ದು ಮಾರ್ತಾಳಲ್ಲ, ಅದ್ಕೆ. ಅಮಾಸೆ ದಿನ ಬೆಳಿಗ್ಗೆ ಮೊದ್ಲ ಬಸ್ಸಿಗೆ ಅಲ್ಲಿಗೇ ಓದೆ. ಅಕ್ಕ ಇನ್ನೂ ಒಲೆ ಅಚ್ತಿದ್ಳು.

"ಏನ್ಲಾ ಇಷ್ಟೊತ್ಗೇ? ನಿಮ್ ರೌಡಿ ಅಣ್ಣ ಎಲ್ಲಿ, ಕಾಣ್ದೇ ಬಾಳ ದಿನ ಆಯ್ತು?"

ಅವ್ಳಿಗೆ ಗೊತ್ತಿರ್ಲಿಲ್ಲ. ಅವ್ನು ಸತ್ಮೇಲೆ ನಾನೂ ಒಳೆ ಕಡೆ ಓಗಿರ್ಲಿಲ್ಲ.

"ಎಡೆಗೆ ಮೀನು ಬೇಕಾಗಿತ್ತು ಕಣಕ್ಕ" ಅಂದೆ.

"ಯಾರ್ಗ್ಲಾ?"

"ಅವ್ನಿಗೇ."

ಅವ್ಳು ಊದೋ ಕೊಳ್ವೆ ಕೆಳ್ಗೆ ಮಡುಗುದ್ಳು. ಎಂಗೆ, ಏನು ಅಂತ ಕೇಳ್ಲಿಲ್ಲ, ಒಳ್ಳೇದಾಯ್ತು. ಬುಟ್ಟೀಲಿ ಕೈ ಆಡ್ಸಿ ಒಂದು ಮೀನು ಎತ್ತಿ, ಅದ್ನ ಬುಟ್ಟು ಇನ್ನೊಂದು ಎತ್ತುದ್ಳು.

"ಮುಳ್ಳಿರೋದೇ ಬೇಕು ಅವ್ನಿಗೆ. ಮುಳ್ಳಿಲ್ದಿರೋ ಮೀನು ಕಾಯ್ಲೆ ಬಿದ್ದೋರ್ಗೆ ಅನ್ನೋನು. ಖಾರ ಜಾಸ್ತಿ ಆಗದೆ ಅಂತ ಬಂದಾಗೆಲ್ಲಾ ನನ್ನ ಬಯ್ಯೋನು, ಅಂಗೂ ಇನ್ನೊಂದು ಆಕು ಅನ್ನೋನು." ಖಾರದ ಬಟ್ಲಿಗೆ ಕೈ ಆಕುದ್ಳು. "ಇವತ್ತೂ ಜಾಸ್ತೀನೇ ಆಕ್ತೀನಿ. ಬಯ್ಲಿ ಬುಡು."

ಮೀನಿನ ಪೊಟ್ಣ ತೊಡೆ ಮೇಲೆ ಮಡಿಕ್ಕೊಂಡು ವಾಪಸ್ ಬಸ್ ಅತ್ಕೊಂಡೆ. ಪಕ್ದಲ್ಲಿ ಕುಂತಿದ್ದೋರು ಮೂಗು ಮುಚ್ಕೊಂಡು ಕಿಟ್ಕಿ ಕಡೆ ತಿರುಗ್ಕೊಂಡ್ರು. ನನ್ಗೆ ವಾಸ್ನೆನೇ ಗೊತ್ತಾಗ್ತಿರ್ಲಿಲ್ಲ. ಅಣ್ಣ ಸತ್ತಾಗಿಂದ ಅಂಗೇ. ಏನ್ ತಿಂದ್ರೂ ರಟ್ಟು ಅಗ್ದಂಗೆ. ಇಡ್ಲೀನೂ ರಟ್ಟೇ, ಬಿರ್ಯಾನೀನೂ ರಟ್ಟೇ. ಅಳಾನ ಅಂದ್ರೆ ಅದೂ ಬರ್ತಿರ್ಲಿಲ್ಲ. ಟೈರ್ ಬಿಚ್ತಿದ್ದೆ, ಆಕ್ತಿದ್ದೆ, ಮನೇಗ್ ಬತ್ತಿದ್ದೆ.

ನಂಜನಗೂಡಲ್ಲಿ ಇಳ್ದು ಬೇಕ್ರಿಗೆ ಓದೆ. ಬೇಕ್ರಿಯವ್ರು ನನ್ ನೋಡ್ತಿದ್ದಂಗೇ ಕೆಳ್ಗಡೆ ಟ್ರೇಯಿಂದ ಒಂದು ಖಾರ ಬನ್ ತಗ್ದ್ರು. ನೆನ್ನೇದು. ಅಣ್ಣನಿಗೆ ಬಿಸಿ ಬನ್ ಆಗ್ತಿರ್ಲಿಲ್ಲ, ನೆನ್ನೇದು ಗಟ್ಟಿ ಆಗಿರ್ಬೇಕು, ಕಾಫೀಲಿ ಅದ್ದುದ್ರೆ ಮುರ್ದು ಬೀಳ್ಬಾರ್ದು ಅನ್ನೋನು. ಊರಲ್ಲಿ ನೆನ್ನೆ ಬನ್ ಕೇಳ್ಕೊಂಡು ಬರೋ ಗಿರಾಕಿ ಅವ್ನೊಬ್ನೇ. ಎಡೆಗೆ ಅಂತ ಅಂದೆ.

"ಎಡೆಗೆ ನೆನ್ನೇದು ಕೊಡಬೋದೇನಪ್ಪಾ?" ಅಂತ ಬೇಕ್ರಿಯವ್ರಿಗೇ ಡೌಟು.

"ಕೊಡಿ ಸಾ. ಬಿಸೀದು ಮಡುಗುದ್ರೆ ವಾಪಸ್ ಕಳುಸ್ತಾನೆ" ಅಂದೆ. ಅವ್ರು ನಗಕ್ಕೋಗಿ ನಿಲ್ಸ್ಕೊಂಡ್ರು.

ದೇವಸ್ಥಾನದ್ ರೋಡು ಅಮಾಸೆ ಜನ ತುಂಬ್ಕೊಂಡಿತ್ತು. ಗಾಡಿಯವ್ನೊಬ್ಬ ರಸಬಾಳೆ ರಸಬಾಳೆ ಅಂತ ಕಿರುಚ್ತಾ ಏಲಕ್ಕಿ ಬಾಳೆ ಮಾರ್ತಿದ್ದ. ನನ್ನೂ ಕರ್ದ. "ನಾನ್ ಇದೇ ಊರೋನು ಕಣಣ್ಣ" ಅಂದೆ. "ಅಂಗಾದ್ರೆ ಸುಮ್ನೆ ಓಗಪ್ಪ, ಯಾಪಾರ ಕೆಡುಸ್ಬೇಡ" ಅಂದ. ಚುರುಮುರಿ ಕಟ್ಟಿಸ್ಕೊಂಡೆ, ಕೊತ್ತಂಬ್ರಿ ಇಲ್ದೆ. ಬೋಂಡ ಕಟ್ಟಿಸ್ಕೊಂಡೆ. ಮಿಕ್ಕಿದ್ದು ಕಾಫಿ ಒಂದೇ.

ಕಾಫಿ ಓಟ್ಲು ನಮ್ ಬೀದಿ ಮೂಲೇಲೇ ಅದೆ. ಬೋರ್ಡ್‌ನಲ್ಲಿ ಏನೋ ಎಸ್ರದೆ, ಯಾರೂ ಓದಲ್ಲ, ಮೂಲೆ ಓಟ್ಲು ಅಂತಾರೆ. ಕಲ್ಲಿನ ಟೇಬ್ಲು, ಮರದ ಬೆಂಚು. ಗೋಡೆ ಪಕ್ದ ಟೇಬ್ಲು ನಮ್ದು. ಸ್ಕೂಲ್‌ಗೋಗೋ ಕಾಲದಿಂದ ಅಲ್ಲಿ ನಾವು ಕುಡೀತಿದ್ದುದ್ದು ಬೈಟು. ಒಂದು ಕಾಫೀನ ಎರಡು ಲೋಟಕ್ಕೆ ಆಕಿ ಕೊಡ್ತಾರಲ್ಲ, ಅದು. ಆಮೇಲೆ ಇಬ್ರೂ ದುಡಿಯೋಕೆ ಶುರು ಮಾಡುದ್ರೂ ಬಾಯಿ ಬೈಟು ಅಂತ್ಲೇ ಅನ್ನೋದು. ಸಪ್ಲೈಯರ್ ಎಷ್ಟೇ ಸಮ ಆಕುದ್ರೂ ಒಂದ್ರಲ್ಲಿ ವಸಿ ಜಾಸ್ತಿ ಇರ್ತದೆ. ಆ ಲೋಟ ಅಣ್ಣನೇ ಎತ್ಕೊಳ್ಳೋನು. ಕೇಳುದ್ರೆ "ದೊಡ್ಡೋನು ಕಣ್ಲಾ ನಾನು" ಅನ್ನೋನು. ಎತ್ಕೊಂಡು ಸುಮ್ನೆ ಇಡ್ಕೊಂಡಿರೋನು. ನಾನು ಲೋಟ ಎತ್ತೋಗಂಟ ಕುಡೀತಿರ್ಲಿಲ್ಲ. ನಾನು ಫೋನ್ ನೋಡ್ತಾ ಕುಂತುದ್ರೆ ಟೇಬ್ಲು ಕೆಳ್ಗೆ ಒದಿಯೋನು. "ಎತ್ಲಾ, ಆರೋಯ್ತದೆ."

ಅವತ್ತು ಪಾರ್ಸಲ್ ತಗೊಂಡು ಓಗೋಕೆ ಅಂತ ಒಳಕ್ಕೋದೋನು ಅದೇ ಟೇಬ್ಲಲ್ಲಿ ಕುಂತ್ಕೊಂಡೆ. ಸಪ್ಲೈಯರ್ ಬಂದು ನಿಂತ್ಕೊಂಡ.

"ಬೈಟು" ಅಂದೆ.

ಬಾಯಿಂದ ಅದೇ ಬಂತು. ಅವ್ನು ಒಳ್ಗೋಗಿ ಎರಡು ಲೋಟ ತಂದ. ಒಂದ್ನ ನನ್ ಮುಂದೆ ಮಡುಗ್ದ, ಇನ್ನೊಂದ್ನ ಎದುರ್ಗಡೆ ಅಣ್ಣ ಕೂರೋ ಕಡೆ ಮಡುಗ್ದ. ಅವ್ನ ಕೈಗೂ ಅದೇ ಅಭ್ಯಾಸ. ಊರಿಗ್ ಓಗಿ ತಿಂಗ್ಳುಗಟ್ಲೆ ಆದ್ಮೇಲೆ ವಾಪಸ್ ಬಂದಿದ್ದ, ಅವ್ನಿಗೆ ವಿಸ್ಯ ಗೊತ್ತಿರ್ಲಿಲ್ಲ.

"ಅಣ್ಣ ಬತ್ತಾವ್ರಾ?"

"ಊಂ."

"ಲೇಟಾ?"

"ಊಂ."

ಇನ್ನೊಂದ್ ಟೇಬ್ಲಿಗೆ ಓದ. ನಾನು ಎರಡು ಲೋಟ ನೋಡ್ದೆ. ಎದುರ್ಗಡೆ ಇರೋದ್ರಲ್ಲಿ ವಸಿ ಜಾಸ್ತಿ ಇತ್ತು. ನನ್ದು ನಾನು ಕುಡ್ದೆ. ಬಿಸಿ ಅಂತ ಗೊತ್ತಾಯ್ತು, ಇನ್ನೇನೂ ಗೊತ್ತಾಗ್ಲಿಲ್ಲ. ಇನ್ನೊಂದು ಲೋಟ ಅಂಗೇ ಕುಂತಿತ್ತು. ಬುಟ್ಟು ಎದ್ದೋಗಕ್ಕಾಗ್ಲಿಲ್ಲ. ಅದ್ನೇ ಕವರ್‌ಗೆ ಆಕಿ ಕೊಡಪ್ಪ ಅಂದೆ. ಸಪ್ಲೈಯರ್ "ಅರ್ಧ ಕಾಫಿಗೆ ಪಾರ್ಸಲ್ಲಾ?" ಅಂತ ಮಕ ನೋಡ್ದ. ಗಲ್ಲಾದಲ್ಲಿ ಕುಂತಿದ್ದ ಓನರ್‌ಗೆ ಎಲ್ಲಾ ಗೊತ್ತಿತ್ತು, ಅವ್ರು ಅಲ್ಲಿಂದ್ಲೇ "ಕಟ್ಕೊಡೋ ಸುಮ್ನೆ" ಅಂದ್ರು.

ಮನೇಲಿ ಸೋದರಮಾವ ಬದನವಾಳಿಂದ ಬಂದಿದ್ದ. ಎಲೆ ಆಸಿ, ಅಣ್ಣನ ಶರ್ಟು ಪ್ಯಾಂಟು ಮಡ್ಸಿ ಫೋಟೋ ಮುಂದೆ ಮಡುಗಿದ್ರು. ಅವ್ವ ಅನ್ನ ಬಡ್ಸಿ, ಮೀನು, ಬೋಂಡ, ಚುರುಮುರಿ, ನೆನ್ನೆ ಬನ್ ಎಲ್ಲಾ ಸುತ್ತ ಜೋಡ್ಸುದ್ಳು. ಕವರ್ ಬಿಚ್ಚಿ ಕಾಫಿ ಲೋಟಕ್ಕೆ ಆಕುದ್ರೆ ಅರ್ಧಕ್ಕೆ ನಿಂತ್ಕೊಂತು.

ಮಾವ ಬಗ್ಗಿ ನೋಡ್ದ. "ಏನ್ಲಾ ಇದು? ಸತ್ತೋನಿಗೆ ಅರ್ಧ ಲೋಟ ಮಡಗ್ತೀಯ? ಕುಡ್ದು ಮಿಕ್ಕಿದ್ದೇನ್ಲಾ?"

"ಬೈಟು ಮಾವ. ಅವ್ನು ಕುಡೀತಿದ್ದುದ್ದೇ ಅಷ್ಟು."

"ಬೈಟೋ ಗೀಟೋ, ಅದೆಲ್ಲಾ ಓಟ್ಲಲ್ಲಿ. ಒಳ್ಗೆ ಕಾಯ್ಸಿದ್ ಆಲು ಅದೆ, ಆಕಿ ತುಂಬ್ಸು."

ಅವ್ವ ನನ್ ಕಡೆ ತಿರುಗುದ್ಳು. "ಇನ್ನರ್ಧ ಯಾರು ಕುಡುದ್ರು?"

"ನಾನು."

"ಅಂಗಾದ್ರೆ ಇರ್ಲಿ ಬುಡು" ಅಂದ್ಳು.

ಧೂಪ ಆಕಿ, ಬಾಗ್ಲು ಎಳ್ಕೊಂಡು ಮೂವ್ರೂ ಜಗ್ಲಿ ಮೇಲೆ ಕುಂತ್ಕೊಂಡ್ವು. ಮಾವ ಅಡ್ಕೆ ಅಗೀತಿದ್ದ. ಅವ್ವ ಬಾಗ್ಲನ್ನೇ ನೋಡ್ತಿದ್ಳು. ಆಮೇಲೆ ಮಾವ ಎದ್ದು ಕದ ತಟ್ಟಿ ತಗ್ದ.

ಅವ್ವ ಎಲ್ರಿಗಿಂತ ಮುಂಚೆ ಒಳಕ್ಕೋಗಿ ಎಲೆ ಮುಂದೆ ಕುಕ್ಕುರ್ಗಾಲಲ್ಲಿ ಕುಂತು ಒಂದೊಂದೇ ನೋಡುದ್ಳು. ಮೀನು ಮಡುಗಿದ್ದಂಗೇ ಇತ್ತು. ಬನ್ನೂ ಅಂಗೇ. ಕಾಫಿ ಮೇಲೆ ಕೆನೆ ಕಟ್ಟಿತ್ತು.

"ಉಂಡವ್ನೆ ಕಣಕ್ಕ" ಅಂದ ಮಾವ. "ನೋಡು, ಅನ್ನ ವಸಿ ಕುಗ್ಗದೆ."

"ಎಲ್ಲಿ ಉಂಡವ್ನೆ? ಏನೂ ಮುಟ್ಟಿಲ್ಲ. ಕಾಫೀನೂ ಮುಟ್ಟಿಲ್ಲ." ಅವ್ವ ಅಂಗೇ ಗೋಡೆಗೆ ಒರಗ್ಕೊಂಡು ಕಣ್ ಮುಚ್ಚುದ್ಳು. ಇವತ್ತೂ ಉಣ್ಣಲ್ಲ ಅಂತ ಗೊತ್ತಾಗೋಯ್ತು.

ನನ್ಗೆ ತಲೆ ಕೆಡ್ತು. ಬೆಳಿಗ್ಗೆಯಿಂದ ಊರೂರು ತಿರುಗಿದ್ದೆ. "ಎಂಗವ್ವ ಮುಟ್ತಾನೆ? ಅವ್ನು ಯಾವತ್ತಾದ್ರೂ ಒಬ್ನೇ ಬೈಟು ಕುಡ್ದವ್ನಾ? ಎದುರ್ಗಿರೋರು ಲೋಟ ಎತ್ತೋಗಂಟ ಇಡ್ಕೊಂಡೇ ಕುಂತಿರ್ತಾನೆ. ನಾನು ಅಲ್ಲೇ ಕುಡ್ಕೊಂಡು ಬಂದ್ಬುಟ್ಟೆ" ಅಂದೆ. ಸಿಟ್ಟಲ್ಲಿ ಅಂದಿದ್ದು. ಅರ್ಥ ಇಟ್ಕೊಂಡೇನೂ ಅನ್ಲಿಲ್ಲ.

ಅವ್ವ ಕಣ್ ಬುಟ್ಳು. ಆಮೇಲೆ ಎದ್ದು ಅಡ್ಗೆಮನೆಯಿಂದ ಇನ್ನೊಂದು ಲೋಟ ತಂದು, ಆ ಅರ್ಧ ಕಾಫೀನ ಎರಡು ಮಾಡುದ್ಳು. ಜಾಸ್ತಿ ಇದ್ದುದ್ನ ಫೋಟೋ ಮುಂದೆ ಸರ್ಸುದ್ಳು. ಇನ್ನೊಂದ್ನ ಕೈಗೆ ತಗೊಂಡ್ಳು.

"ಇದ್ಯಾವ ಸಾಸ್ತ್ರ ಅಕ್ಕ?" ಅಂದ ಮಾವ.

"ಮೂಲೆ ಓಟ್ಲು ಸಾಸ್ತ್ರ. ಸುಮ್ಕಿರು." ಫೋಟೋ ಕಡೆ ತಿರುಗುದ್ಳು. "ಎತ್ಲಾ, ಆರೋಯ್ತದೆ."

ಆ ಮಾತು ಅವ್ಳಿಗೆ ನಾನ್ ಏಳಿರ್ಲಿಲ್ಲ. ಅಣ್ಣನೇ ಅದ್ನ ಅವ್ಳತ್ರ ಕಲ್ತಿದ್ನೇನೋ.

ಕುಡುದ್ಳು. "ತೂ, ಎಷ್ಟ್ ಸಕ್ರೆ ಆಕ್ತಾರ್ಲಾ" ಅಂದ್ಳು. ಲೋಟ ಕೆಳಗ್ ಮಡಗಿ, ಸೆರಗಲ್ಲಿ ಬಾಯಿ ಒರಸ್ಕೊಂಡು, ಎಲೆ ಮೇಲಿದ್ದ ಮೀನಿಗೆ ಕೈ ಆಕುದ್ಳು. ಮುಳ್ಳು ಬುಡ್ಸಿ ಅನ್ನಕ್ಕೆ ಸೇರ್ಸಿ ಒಂದು ತುತ್ತು. ಆಮೇಲೆ ಇನ್ನೊಂದು. "ಖಾರ" ಅಂದ್ಳು. ಕೈ ನಿಲ್ಸ್ಲಿಲ್ಲ.

ಮಾವ ಆಚೆ ಓಗಿ ಮೂಗು ಸೀಟ್ದ. ನಾನು ಅವ್ವನ ಪಕ್ಕ ಕುಂತ್ಕೊಂಡು ಒಂದು ತುಂಡು ಬಾಯ್ಗೆ ಆಕ್ಕೊಂಡೆ. ಮುಳ್ಳು ಚುಚ್ಚುದ್ದು ಗೊತ್ತಾಯ್ತು. ರುಚಿ ಗೊತ್ತಾಗ್ಲಿಲ್ಲ. ಅವ್ವ ಅನ್ನದ್ ಪಾತ್ರೆ ಹತ್ರ ಎಳ್ಕೊಂಡ್ಳು.